ಹಿಮ್ಮಡಿ ಆಪರೇಷನ್‌ಗೆ ಮುಂಚೆ ನರದ ಬಗ್ಗೆಯೂ ಕೇಳಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವರಷ್ಟೇ ಅಲ್ಲ, ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯವರೂ ಬಂದಿದ್ದೀರಿ. ಅಡಿಕೆ, ತೆಂಗಿನ ಮರ ಹತ್ತುವವರು ನಿಮ್ಮ ಮನೆಗಳಲ್ಲೇ ಇರುತ್ತಾರೆ. ಗಾರೆ ಕೆಲಸಕ್ಕೆ ಸಾರುವೆ ಮೇಲೆ ನಿಲ್ಲುವವರೂ ಇದ್ದಾರೆ. ಎತ್ತರದಿಂದ ಕಾಲೂರಿ ಬಿದ್ದರೆ ಇಡೀ ಮೈಭಾರ ಹಿಮ್ಮಡಿ ಮೂಳೆ ಮೇಲೆಯೇ ಬೀಳುತ್ತದೆ. ಅದು ಬರೀ ಸೀಳುವುದಿಲ್ಲ, ಎಷ್ಟೋ ಸಲ ನುಜ್ಜುಗುಜ್ಜಾಗುತ್ತದೆ. ಹಾಗೆ ಬಿದ್ದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ, ಅದಕ್ಕೇ ಕಾಲು ನೋವು ಅಂತ ಬಂದವರ ಬೆನ್ನನ್ನೂ ನಾವು ಒತ್ತಿ ನೋಡುತ್ತೇವೆ.

ಎಲ್ಲ ಹಿಮ್ಮಡಿ ಮುರಿತಕ್ಕೂ ಆಪರೇಷನ್ ಬೇಕಿಲ್ಲ. ಕೀಲಿನ ಭಾಗ ಕುಸಿದಿದ್ದರೆ ಪ್ಲೇಟು, ಸ್ಕ್ರೂ ಹಾಕುವ ಮಾತು ಬರುತ್ತದೆ. ಆಗ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಖರ್ಚು, ಯಾವಾಗ ನಡೀತಾರೆ? ನರಕ್ಕೇನಾದರೂ ಆಗುತ್ತಾ ಅಂತ ಕೇಳುವವರು ಬಹಳ ಕಡಿಮೆ. ಇವತ್ತು ನಾನು ಮಾತಾಡಲು ಬಂದಿರುವುದು ಅದರ ಬಗ್ಗೆಯೇ.

ಒಂದು ಕೆಲಸ ಮಾಡಿ, ಚಪ್ಪಲಿ ಬಿಡಿ. ಕಾಲಿನ ಹೊರಬದಿಯ ಗಿಣ್ಣನ್ನು ಮುಟ್ಟಿ. ಅಲ್ಲಿಂದ ಬೆರಳನ್ನು ಹಿಂದಕ್ಕೆ ಸರಿಸಿದರೆ ಒಂದು ತಗ್ಗು ಸಿಗುತ್ತದೆ, ಅದರಾಚೆ ಹಿಮ್ಮಡಿಗೆ ಸೇರುವ ಗಟ್ಟಿ ಹುರಿ ಇದೆ ಅಲ್ವಾ? ಆ ತಗ್ಗಿನಲ್ಲಿ, ಚರ್ಮದ ಕೆಳಗೇ, ಸ್ಯೂರಲ್ ಎಂಬ ನರ ಇಳಿದುಹೋಗುತ್ತದೆ. ಗಿಣ್ಣಿನ ಕೆಳಗೆ ಬಾಗಿ, ಪಾದದ ಹೊರ ಅಂಚು ಹಿಡಿದು ಕಿರುಬೆರಳಿನವರೆಗೆ ಹೋಗುತ್ತದೆ. ಕಾಲು ಅಲ್ಲಾಡಿಸುವ ಕೆಲಸ ಅದರದ್ದಲ್ಲ. ಮುಟ್ಟಿದ್ದು, ಚುಚ್ಚಿದ್ದು ಗೊತ್ತುಮಾಡುವುದಷ್ಟೇ ಅದರ ಕೆಲಸ.

ಈಗ ಸರ್ಜನ್ ಎಲ್ಲಿ ಕೊಯ್ಯುತ್ತಾರೆ? ಹಳೆಯ ದೊಡ್ಡ ಪದ್ಧತಿಯಲ್ಲಿ ಇದೇ ಹೊರಬದಿಯಲ್ಲಿ, ಮೇಲಿಂದ ಕೆಳಕ್ಕೆ ಬಂದು ಮುಂದಕ್ಕೆ ತಿರುಗುವ ಗಾಯ. ಆ ಗಾಯದ ಎರಡೂ ತುದಿ ನರದ ದಾರಿಗೆ ಹತ್ತಿರ, ಅಪಾಯ ಜಾಸ್ತಿ ಇರುವುದು ಅಲ್ಲೇ. ಅದಕ್ಕೇ ನಡುವೆ ಮೂಳೆವರೆಗೂ ಒಂದೇ ಸಲ ಇಳಿದು, ಚರ್ಮ, ನರ ಎಲ್ಲವನ್ನೂ ಒಟ್ಟಿಗೆ ಎತ್ತುತ್ತಾರೆ. ಪದೇ ಪದೇ ಎಳೆಯಬಾರದು ಅಂತ ಸಣ್ಣ ತಂತಿ ಬಗ್ಗಿಸಿ ಅದನ್ನು ಹಿಡಿದಿಡುತ್ತಾರೆ. ಗಿಣ್ಣಿನ ಮುಂದೆ ಚಿಕ್ಕದಾಗಿ ಕೊಯ್ಯುವ ಪದ್ಧತಿಯಲ್ಲಿ ಗಾಯದ ತೊಂದರೆ ಕಡಿಮೆ. ಆದರೂ ನರ ದೂರವೇನಿಲ್ಲ, ಕೆಳಗೇ ಇರುತ್ತದೆ.

ಈ ನರಕ್ಕೆ ಪೆಟ್ಟಾದರೆ ಪಾದದ ಹೊರ ಅಂಚು ಜೋಮು ಹಿಡಿಯುತ್ತದೆ. ಎಳೆತದಿಂದ ಆದದ್ದು ಸಾಮಾನ್ಯವಾಗಿ ನಿಧಾನವಾಗಿ ಸರಿಹೋಗುತ್ತದೆ. ನರದ ಎಳೆಗಳು ಮತ್ತೆ ಬೆಳೆಯಬೇಕಾಗಿ ಬಂದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಕಾಯಬೇಕು. ಪೂರ್ತಿ ಕತ್ತರಿಸಿಹೋದರೆ ಜೋಮು ಉಳಿದುಬಿಡಬಹುದು. ಬರಿ ಜೋಮಾದರೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಕತ್ತರಿಸಿದ ತುದಿಯಲ್ಲಿ ನರ ಗಂಟು ಕಟ್ಟಿಕೊಂಡರೆ ಮಾತ್ರ ನಿಜಕ್ಕೂ ಕಷ್ಟ. ಚಪ್ಪಲಿ ಪಟ್ಟಿ ತಾಗಿದರೂ ಕರೆಂಟ್ ಹೊಡೆದ ಹಾಗೆ ಆಗುತ್ತದೆ.

ಒಳಬದಿಯ ಅಪಾಯ ಬೇರೆ, ನನ್ನ ಲೆಕ್ಕದಲ್ಲಿ ಹೆಚ್ಚು ಗಂಭೀರ. ಅಲ್ಲಿ ದೊಡ್ಡ ಟಿಬಿಯಲ್ ನರ ರಕ್ತನಾಳದ ಜೊತೆ ಅಂಗಾಲಿಗೆ ಇಳಿಯುತ್ತದೆ. ಹೊರಗಿಂದ ಒಳಕ್ಕೆ ಹಾಕುವ ಡ್ರಿಲ್ ಜಾಸ್ತಿ ಮುಂದೆ ಹೋದರೆ, ಸ್ಕ್ರೂ ಉದ್ದವಾದರೆ, ತಾಗುವುದು ಅಲ್ಲಿ. ಅದಕ್ಕೇ ಆಪರೇಷನ್ ಮಧ್ಯೆಯೇ ಎಕ್ಸ್‌ರೇ ತೆಗೆದು ಉದ್ದ ನೋಡುತ್ತಾರೆ. ಅಂಗಾಲಿಗೇ ಸ್ಪರ್ಶ ಹೋದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅಂಥ ಗಾಯ ವಾಸಿಯಾಗುವುದು ತಡ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಬಿದ್ದಾಗಲೇ ನರ ಜಜ್ಜಿರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಮೊದಲೇ ಜೋಮಾಗಿರಬಹುದು. ಆಪರೇಷನ್‌ಗೆ ಮುಂಚೆ ಹತ್ತಿಯಿಂದ ಹೊರ ಅಂಚು, ಅಂಗಾಲು, ಹಿಮ್ಮಡಿ ಮುಟ್ಟಿ ನೋಡಿ ಕೇಸ್ ಶೀಟಿನಲ್ಲಿ ಬರೆದಿರಬೇಕು. ಬರೆಯದಿದ್ದರೆ ಆಮೇಲೆ ಯಾವುದು ಬಿದ್ದದ್ದರಿಂದ, ಯಾವುದು ಚಾಕುವಿನಿಂದ ಅಂತ ಯಾರಿಗೂ ಹೇಳಲಾಗುವುದಿಲ್ಲ. ಸಹಿ ಹಾಕುವ ಮುಂಚೆ ಕೇಳಿ: ‘ಸ್ಪರ್ಶ ನೋಡಿದ್ದೀರಾ ಡಾಕ್ಟ್ರೇ?’ ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

‘ಸುಮ್ನೆ ಒಂದು ವಾರದಿಂದ ಮಲಗಿಸಿದ್ದಾರೆ’ ಅಂತ ವಾರ್ಡಿನಲ್ಲಿ ಗೊಣಗುವವರಿದ್ದಾರೆ. ಸುಮ್ನೆ ಅಲ್ಲ. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣಿಸಲಿ ಅಂತ ಒಂದೆರಡು ವಾರ ಕಾಯುವುದುಂಟು. ಊದಿದ ಕಾಲಿಗೆ ಕೊಯ್ದರೆ ಗಾಯ ಬಿಟ್ಟುಕೊಳ್ಳುತ್ತದೆ.

ಮನೆಗೆ ಹೋದ ಮೇಲೆ ಜೋಮು ಇರುವ ಪಾದಕ್ಕೆ ಬಿಸಿನೀರಿನ ಶಾಖ ಬೇಡವೇ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಮುಟ್ಟಿದರೆ ಉರಿಯುವ ಜಾಗಕ್ಕೆ ಗಾಯ ಒಣಗಿದ ಮೇಲೆ ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಟವೆಲ್, ಹೀಗೆ ದಿನಾ ಸವರಿ ಅಭ್ಯಾಸ ಮಾಡಿಸುತ್ತೇವೆ. ನರದ ಉರಿಗೆ ಬೇರೆಯೇ ಮಾತ್ರೆಗಳಿವೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೇ ನುಂಗುತ್ತಾ ಕೂರಬೇಡಿ. ಆದರೆ ಪಟ್ಟಿ ಕಟ್ಟಿದ ಕಾಲಿನ ನೋವು ಗಂಟೆಗಂಟೆಗೂ ಏರುತ್ತಿದ್ದರೆ, ಬೆರಳು ಜೋಮಾಗುತ್ತಾ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯಲ್ಲಿದ್ದರೆ ಡ್ಯೂಟಿ ಸಿಸ್ಟರನ್ನು ಎಬ್ಬಿಸಿ, ಮನೆಯಲ್ಲಿದ್ದರೆ ಆ ರಾತ್ರಿಯೇ ಗಾಡಿ ಮಾಡಿಸಿಕೊಂಡು ಬನ್ನಿ.