ಒಂದು ಹಡಗುಕಟ್ಟೆ, ಒಂದು ಊರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿಯ ದಕ್ಷಿಣ ದಂಡೆಯ ಮೇಲೆ ಜಾರೋ ಎಂಬ ಊರಿದೆ. 1852ರಲ್ಲಿ ಚಾರ್ಲ್ಸ್ ಮಾರ್ಕ್ ಪಾಮರ್ ಮತ್ತು ಅವನ ಸಹೋದರ ಜಾರ್ಜ್ ಅಲ್ಲಿ ಹಡಗು ಕಟ್ಟತೊಡಗಿದರು. ಚಾರ್ಲ್ಸ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಮೂಲತಃ ಅವನದು ಕಲ್ಲಿದ್ದಲಿನ ವ್ಯಾಪಾರ. ಟೈನ್ ಕಡೆಯ ಕಲ್ಲಿದ್ದಲು ಲಂಡನ್ನಿಗೆ ಹೋಗುತ್ತಿದ್ದದ್ದು ಹಾಯಿ ಹಡಗುಗಳಲ್ಲಿ; ಗಾಳಿ ಬೀಸಿದರೆ ಪಯಣ, ಇಲ್ಲದಿದ್ದರೆ ಕಾಯುವುದು. ಅಷ್ಟರಲ್ಲಿ ರೈಲು ಬಂತು, ಬೇರೆ ಗಣಿಗಳ ಕಲ್ಲಿದ್ದಲು ಲಂಡನ್ ಮಾರುಕಟ್ಟೆಗೆ ನುಗ್ಗಿತು. ಪಾಮರ್ ಕೊಟ್ಟ ಉತ್ತರ 'ಜಾನ್ ಬೋವ್ಸ್': ಕಬ್ಬಿಣದ ಮೈ, ಉಗಿಯಂತ್ರ, ಹಿಂಬದಿಯಲ್ಲಿ ತಿರುಗುವ ಪ್ರೊಪೆಲ್ಲರ್. ಸುಮಾರು 650 ಟನ್ ಹೊತ್ತು ಲಂಡನ್ನಿಗೆ ಹೋಗಿ, ಇಳಿಸಿ, ಐದೇ ದಿನದಲ್ಲಿ ಮರಳಿತು. ಎರಡು ಹಾಯಿ ಹಡಗುಗಳಿಗೆ ಇದು ತಿಂಗಳಿಗೂ ಹೆಚ್ಚಿನ ಕೆಲಸ ಎಂದು ಪಾಮರನೇ ಹೇಳಿಕೊಂಡಿದ್ದ. ಮಾಲೀಕನ ಮಾತು, ಒಂದಿಷ್ಟು ಉಪ್ಪುಕಾರ ಇದ್ದೀತು. ಆದರೆ ಹಾಯಿಯವರ ಕಾಲ ಮುಗಿದದ್ದಂತೂ ನಿಜ.

ಮುಂದೆ ಪಾಮರ್ ಯಾರ ಹಂಗೂ ಬೇಡವೆಂದು ಯಾರ್ಕ್‌ಶೈರ್ ಕರಾವಳಿಯಲ್ಲಿ ಅದಿರಿನ ಗಣಿ ಹಿಡಿದ, ಜಾರೋದಲ್ಲೇ ಕುಲುಮೆ ಹಾಕಿದ. ಅಂಗಳದ ಒಂದು ತುದಿಯಲ್ಲಿ ಅದಿರು ಇಳಿದರೆ ಇನ್ನೊಂದು ತುದಿಯಲ್ಲಿ ಹಡಗು ನೀರಿಗಿಳಿಯುತ್ತಿತ್ತು. 1875ರಲ್ಲಿ ಊರಿಗೆ ಪುರಸಭೆ ಬಂದಾಗ ಮೊದಲ ಮೇಯರ್ ಯಾರೆಂದು ಬೇರೆ ಹೇಳಬೇಕೇ?

ಒಟ್ಟು ಸಾವಿರದಷ್ಟು ಹಡಗುಗಳು. ಯುದ್ಧನೌಕೆಗಳೂ ಬಹಳ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೇಡಿಕೆ ಕುಸಿಯಿತು, 1929ರ ಆರ್ಥಿಕ ಕುಸಿತದ ನಂತರವಂತೂ ಕೇಳುವವರೇ ಇಲ್ಲ. 1932ರಲ್ಲಿ ಕೊನೆಯದಾಗಿ 'ಡಚೆಸ್' ಎಂಬ ಯುದ್ಧನೌಕೆ ನೀರಿಗಿಳಿಯಿತು. ಮರುವರ್ಷ ಕಂಪನಿ ದಿವಾಳಿ. ವಿಚಿತ್ರವೆಂದರೆ, ಬೇರೆ ಹೆಸರಿನಲ್ಲಿ ಇನ್ನೂ ಓಡುತ್ತಿದ್ದ ಆ ಮುದಿ 'ಜಾನ್ ಬೋವ್ಸ್' ಸ್ಪೇನ್ ಕರಾವಳಿಯಲ್ಲಿ ಮುಳುಗಿದ್ದೂ ಅದೇ 1933ರಲ್ಲಿ.

ನನಗೆ ಕ್ರೂರವೆನಿಸುವುದು ಆಮೇಲಿನದು. ದೇಶದಲ್ಲಿ ಹಡಗುಕಟ್ಟೆಗಳು ಹೆಚ್ಚಾದವೆಂದು ಕಟ್ಟೆಗಳ ಮಾಲೀಕರೇ ಕೂಡಿ ಒಂದು ಸಂಸ್ಥೆ ಮಾಡಿಕೊಂಡಿದ್ದರು. ಕೊಳ್ಳುವುದು, ಮುಚ್ಚುವುದು, ಇಷ್ಟೇ ಅದರ ಕೆಲಸ. ಅದು ಪಾಮರ್ ಕಟ್ಟೆಯನ್ನೂ ಕೊಂಡಿತು. ನಲವತ್ತು ವರ್ಷ ಅಲ್ಲಿ ಯಾರೂ ಹಡಗು ಕಟ್ಟಕೂಡದೆಂದು ಕರಾರಾಯಿತು. ಊರಿನ ದುಡಿಯುವ ಗಂಡಸರಲ್ಲಿ ಹೆಚ್ಚಿನವರಿಗೆ ಕೆಲಸವಿಲ್ಲ.

1936ರ ಅಕ್ಟೋಬರ್ 5ರಂದು, ಊರಿಗೆ ಕೆಲಸ ಕೊಡಿ ಎಂದು ಕೇಳಲು, ಇನ್ನೂರು ಜನ ಕಾಲ್ನಡಿಗೆಯಲ್ಲಿ ಲಂಡನ್ನಿಗೆ ಹೊರಟರು. ಸಂಸದೆ ಎಲೆನ್ ವಿಲ್ಕಿನ್ಸನ್ ದಾರಿಯಲ್ಲಿ ಅವರೊಂದಿಗೆ ಹೆಜ್ಜೆ ಹಾಕಿದರು. ಹನ್ನೊಂದು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಮರದ ಪೆಟ್ಟಿಗೆಯಲ್ಲಿತ್ತು. ತಿಂಗಳ ಕೊನೆಗೆ, ಮಳೆಯಲ್ಲಿ, ಲಂಡನ್ ಮುಟ್ಟಿದರು. ಪ್ರಧಾನಿ ಬಾಲ್ಡ್‌ವಿನ್ ಭೇಟಿ ಕೊಡಲಿಲ್ಲ. ರೈಲು ಹತ್ತಿ ಊರಿಗೆ ಬಂದರೆ ನಿರುದ್ಯೋಗ ಭತ್ಯೆಗೂ ಕತ್ತರಿ: ನಡೆಯುತ್ತಿದ್ದಷ್ಟು ದಿನ ಅವರು ಕೆಲಸಕ್ಕೆ ಸಿಗುತ್ತಿರಲಿಲ್ಲವಂತೆ.