ಗೋಡೆಯ ಮೇಲಿನ ಕುದುರೆ ಸವಾರ

ಇಂದು ಬೆಳಿಗ್ಗೆ ಕಬ್ಬನ್ ಉದ್ಯಾನದಲ್ಲಿ, ಬಿದಿರುಮೆಳೆಯೊಂದರ ನೆರಳಿನಲ್ಲಿ ಕುಳಿತು, ಇಟಲಿಯ ಲೇಖಕ ಲಿಯೊನಾರ್ದೊ ಶಾಶಾ ಅವರ ಪತ್ತೇದಾರಿ ಕಿರುಕಾದಂಬರಿಯೊಂದನ್ನು ಇಂಗ್ಲಿಷಿನಲ್ಲಿ ಎರಡನೆಯ ಸಲ ಓದಿ ಮುಗಿಸಿದೆ. ಅದರ ಹೆಸರನ್ನು ಕನ್ನಡದಲ್ಲಿ 'ಕುದುರೆ ಸವಾರ ಮತ್ತು ಸಾವು' ಎನ್ನಬಹುದು. ಅದು ಪ್ರಕಟವಾದದ್ದು 1988ರಲ್ಲಿ. ಶಾಶಾ ಮರುವರ್ಷವೇ, ತಮ್ಮ 68ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕ್ಯಾನ್ಸರ್ ಪೀಡಿತನಾದ ಕಥಾನಾಯಕ ಪೊಲೀಸ್ ಇಲಾಖೆಯಲ್ಲಿ ಮುಖ್ಯಸ್ಥನ ಕೈಕೆಳಗಿನ ಅಧಿಕಾರಿ, ಅವನಿಗೆ ಹೆಸರೇ ಇಲ್ಲ. ಕಡತದಿಂದ ತಲೆ ಎತ್ತಿದಾಗಲೆಲ್ಲ ಅವನಿಗೆ ಎದುರಿನ ಗೋಡೆಯಲ್ಲಿ ಕಾಣುವುದು ಜರ್ಮನ್ ಕಲಾವಿದ ಡ್ಯೂರರ್ 1513ರಲ್ಲಿ ಕೊರೆದ ಚಿತ್ರ: ಕವಚ ತೊಟ್ಟ ಸವಾರ, ಮರಳುಗಡಿಯಾರ ಹಿಡಿದ ಸಾವು, ಹಿಂದೆ ಸೈತಾನ. ಆ ಸೈತಾನ ಎಷ್ಟು ದಣಿದಿದ್ದಾನೆಂದರೆ, ತನಗಿಂತ ಚೆನ್ನಾಗಿ ಕೆಲಸ ಬಲ್ಲ ಮನುಷ್ಯರಿಗೇ ಎಲ್ಲವನ್ನೂ ಬಿಟ್ಟುಕೊಟ್ಟಿದ್ದಾನೆ ಎಂದು ಅವನಿಗೆ ಹೊಳೆಯುವ ಕಡೆ ನಾನು ಪುಸ್ತಕ ಮುಚ್ಚಿ, ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಔತಣಕೂಟವೊಂದರಲ್ಲಿ 'ನಿನ್ನನ್ನು ಕೊಲ್ಲುತ್ತೇನೆ' ಎಂಬ ಚೀಟಿ ಪಡೆದ ವಕೀಲ ಸಾಂದೋಜ್ ಅದೇ ರಾತ್ರಿ ಕೊಲೆಯಾಗುತ್ತಾನೆ. ಚೀಟಿ ಬರೆದವನು ಪ್ರಭಾವಿ ಉದ್ಯಮಿ ಔರಿಸ್ಪ. ಅದು ತಮಾಷೆಯಷ್ಟೇ ಎಂಬ ಅವನ ವಿವರಣೆಯನ್ನು ಮುಖ್ಯಸ್ಥ ಒಪ್ಪಿಬಿಡುತ್ತಾನೆ. 'ಎಂಬತ್ತೊಂಬತ್ತರ ಮಕ್ಕಳು' ಎಂಬ ಕ್ರಾಂತಿಕಾರಿ ಗುಂಪಿನ ಹೆಸರು ಕೇಳಿಬಂದದ್ದೇ ತಡ, ಇಡೀ ಇಲಾಖೆ ಆ ಕಡೆಗೆ ಓಡುತ್ತದೆ. ನಮ್ಮ ನಾಯಕ ಮಾತ್ರ ಕೇಳುತ್ತಾನೆ: ಸಾಂದೋಜ್‌ನನ್ನು ಕೊಲ್ಲಲೆಂದು ಆ ಗುಂಪನ್ನು ಹುಟ್ಟಿಸಿದರೋ, ಆ ಗುಂಪನ್ನು ಹುಟ್ಟಿಸಲೆಂದೇ ಸಾಂದೋಜ್‌ನನ್ನು ಕೊಂದರೋ?

ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ಇದೇ ಊರಿನ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ, ಅಪ್ಪನ ಕಿಮೋ ಚಿಕಿತ್ಸೆಯ ದಿನಗಳಲ್ಲಿ. ಅಪ್ಪ ಕೈಗೆ ಡ್ರಿಪ್ ಹಾಕಿಸಿಕೊಂಡೇ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು, ಒಂದೇ ಒಂದು ಮನೆ ಖಾಲಿ ಉಳಿದರೂ ಪತ್ರಿಕೆಯನ್ನು ಮಡಿಸುತ್ತಿರಲಿಲ್ಲ. ಹಾಗಾಗಿ, ಬಡ್ತಿಯ ಆಸೆಯಾಗಲಿ ವರ್ಗಾವಣೆಯ ಭಯವಾಗಲಿ ಉಳಿದಿಲ್ಲದ ಮನುಷ್ಯನೊಬ್ಬ ನೋವಿನ ನಡುವೆಯೂ ಸರಿಯಾದ ಪ್ರಶ್ನೆಯನ್ನೇ ಹಿಡಿದು ಕೂರುವುದು ನನಗೆ ಕಟ್ಟುಕಥೆ ಎನಿಸಲಿಲ್ಲ. ಅವನ ಕಾಯಿಲೆಯನ್ನು ಶಾಶಾ ಕರುಣೆ ಗಿಟ್ಟಿಸಲು ಬಳಸಿಲ್ಲ. ಹೆದರಿಸುವುದಕ್ಕೆ ಏನೂ ಸಿಗದ ಅಧಿಕಾರಿಯೊಬ್ಬನನ್ನು ಕೊಳೆತ ವ್ಯವಸ್ಥೆಯ ಒಳಗೆ ಕೂರಿಸಿ, ಅದು ಅವನನ್ನು ಏನು ಮಾಡುತ್ತದೆಂದು ನೋಡಿದ್ದಾರೆ. ಅವನನ್ನು ಕೊನೆಗೆ ಕೊಲ್ಲುವುದು ಕ್ಯಾನ್ಸರ್ ಅಲ್ಲ, ಗುಂಡು.