ತೂಕದ ಮೆಷಿನ್ ಎಲ್ಲಿದೆ? ಹಾರ್ಟ್ ಫೇಲ್ಯೂರ್ ರೋಗಿಗಳ ಆರೈಕೆ ಕುರಿತು ನರ್ಸಸ್ ಡೇ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಮೇ 12 ಬಂದರೆ ನಮಗೆ ಹೂವು ಕೊಡುತ್ತಾರೆ, ದೀಪ ಹಚ್ಚಿಸುತ್ತಾರೆ, ಕೇಕ್ ಕತ್ತರಿಸುತ್ತಾರೆ. ಸಂತೋಷ. ನಾನು ಮಾತ್ರ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ, ಕೈ ಎತ್ತಿ ಉತ್ತರ ಕೊಡಿ. ನಿಮ್ಮ ವಾರ್ಡಿನಲ್ಲಿ ಸರಿಯಾಗಿ ಕೆಲಸ ಮಾಡುವ ತೂಕದ ಮೆಷಿನ್ ಇದೆಯಾ?

ಹಾಲ್ ತುಂಬ ಜನ ಇದ್ದೀರಿ, ಎದ್ದ ಕೈ ತುಂಬಾ ಕಡಿಮೆ. ಓಪಿಡಿಯಲ್ಲಿ ಇದೆ ಅಂತ ಹಿಂದೆ ಯಾರೋ ಹೇಳಿದರು. ಓಪಿಡಿಯಲ್ಲಿದ್ದರೆ ವಾರ್ಡಿನಲ್ಲಿ ಮಲಗಿದವರಿಗೆ ಏನು ಪ್ರಯೋಜನ ಹೇಳಿ.

ನನಗೆ ಇವತ್ತು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋತು ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದೆ ಮೈಯಲ್ಲಿ ನೀರು ನಿಲ್ಲುವ ಕಾಯಿಲೆಯ ಬಗ್ಗೆ ಮಾತಾಡಿ ಅಂದಿದ್ದಾರೆ. ಇಜೆಕ್ಷನ್ ಫ್ರ್ಯಾಕ್ಷನ್ (ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ) 40ಕ್ಕಿಂತ ಕಡಿಮೆ ಇದ್ದರೇನು, 50ಕ್ಕಿಂತ ಜಾಸ್ತಿ ಇದ್ದರೇನು, ಎನ್‌ವೈಎಚ್‌ಎ ಪ್ರಕಾರ ಕಾಯಿಲೆಯ ತೀವ್ರತೆಯ ನಾಲ್ಕು ಕ್ಲಾಸ್ ಯಾವುವು, ಇದೆಲ್ಲ ನೀವು ಓದಿಯೇ ಬಂದವರು. ಅದನ್ನು ಮತ್ತೆ ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ನಾನು ಹೇಳಬೇಕಾದದ್ದು ಒಂದೇ. ಈ ರೋಗಿಗಳು ಮತ್ತೆ ಮತ್ತೆ ಅಡ್ಮಿಟ್ ಆಗುವುದನ್ನು ತಡೆಯುವ ಶಕ್ತಿ ನಮ್ಮ ಕೈಯಲ್ಲಿ ಬಹಳ ಇದೆ, ಮತ್ತು ಅದಕ್ಕೆ ಬೇಕಾದ ಮೊದಲ ಸಾಮಾನು ತೂಕದ ಮೆಷಿನ್.

ಲೆಕ್ಕ ಸರಳ. ಮೈಯಲ್ಲಿ ಒಂದು ಲೀಟರ್ ನೀರು ನಿಂತರೆ ತೂಕ ಒಂದು ಕಿಲೋ ಏರುತ್ತದೆ. ಕಾಲಿನಲ್ಲಿ ಬಾವು ಕಾಣಬೇಕಾದರೆ ಅದಕ್ಕೂ ಮೊದಲೇ ಲೀಟರುಗಟ್ಟಲೆ ನೀರು ಸೇರಿರುತ್ತದೆ. ಆಸ್ಪತ್ರೆ ಸೇರುವ ಕನಿಷ್ಠ ಒಂದು ವಾರ ಮೊದಲೇ ತೂಕ ಏರಲು ಶುರುವಾಗುತ್ತದೆ ಅಂತ ಅಮೆರಿಕದಲ್ಲಿ ರೋಗಿಗಳ ದಿನದಿನದ ತೂಕ ನೋಡಿದವರು 2007ರಲ್ಲೇ ತೋರಿಸಿದ್ದಾರೆ. ಒಂದು ವಾರ! ಆ ವಾರದಲ್ಲಿ ಒಂದು ಫೋನ್, ಒಂದು ಮಾತ್ರೆ ಬದಲಾವಣೆ ಸಾಕಾಗಬಹುದು. ವಾರ ಕಳೆದ ಮೇಲೆ ಅದೇ ಮನುಷ್ಯ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್‌ನಲ್ಲಿ ನೊರೆ ಕೆಮ್ಮುತ್ತಾ ಬರುತ್ತಾನೆ.

ಸರಿ, ಅಸೆಸ್‌ಮೆಂಟ್ ವಿಷಯಕ್ಕೆ ಬರೋಣ. ಬಿಪಿ, ಪಲ್ಸ್, ಸ್ಯಾಚುರೇಷನ್ ಎಲ್ಲರೂ ಬರೆಯುತ್ತೇವೆ. ಆದರೆ 'ಉಸಿರಾಟದ ತೊಂದರೆ ಇದೆಯಾ' ಅಂತ ಕೇಳಿದರೆ ನಮ್ಮ ಜನ ಇಲ್ಲ ಅಂತಲೇ ಹೇಳುತ್ತಾರೆ. ಯಾಕೆ ಗೊತ್ತಾ? ಅವರು ಓಡಾಟವನ್ನೇ ನಿಲ್ಲಿಸಿಬಿಟ್ಟಿರುತ್ತಾರೆ. ಅದಕ್ಕೇ ಬೇರೆ ತರಹ ಕೇಳಿ. ಹೋದ ಸಂಕ್ರಾಂತಿಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ, ಈಗ ಯಾವುದು ಬಿಟ್ಟಿದ್ದೀರಿ? ಎಷ್ಟು ದಿಂಬು ಬೇಕು? ಮಲಗಿ ಒಂದೆರಡು ಗಂಟೆಗೆ ಎಚ್ಚರವಾಗಿ ಜಗಲಿಗೆ ಬಂದು ಕೂರುತ್ತೀರಾ? ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಉಸಿರು ಕಟ್ಟುತ್ತದಾ?

ಇಲ್ಲಿ ನಿಮಗೆ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಹಾಸನದ ಕಡೆಯ ಹಳ್ಳಿಯವರು. ಕೆಲವೇ ತಿಂಗಳಲ್ಲಿ ಮೂರನೇ ಸಲ ಅಡ್ಮಿಟ್ ಆಗಿದ್ದರು. ಪ್ರತಿ ಸಲವೂ ಮೂತ್ರದ ಮೂಲಕ ನೀರು ಹೊರಹಾಕುವ ಲ್ಯಾಸಿಕ್ಸ್ ಇಂಜೆಕ್ಷನ್, ಕಾಲಿನ ಬಾವು ಇಳಿಯುತ್ತದೆ, ಡಿಸ್ಚಾರ್ಜ್, ಮತ್ತೆ ವಾಪಸ್. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಅಂತ ಕೇಸ್ ಶೀಟಿನಲ್ಲಿ ಬರೆದಿತ್ತು. ಹೊಸದಾಗಿ ಸೇರಿದ್ದ ಸ್ಟಾಫ್ ನರ್ಸ್ ಒಬ್ಬಳು ನೈಟ್ ಡ್ಯೂಟಿಯಲ್ಲಿ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. 'ಅಜ್ಜಿ, ಮನೇಲಿ ರಾತ್ರಿ ಹೆಂಗೆ ಮಲಗ್ತೀರಿ?' ಅಂದಳು. ಅಜ್ಜಿ ಹೇಳಿದ್ದು: 'ಮಲಗದೆಲ್ಲಿ ಬಂತು ಕಣವ್ವ, ಗೋಡೆಗೆ ಒರಗಿ ಕೂತೇ ನಿದ್ದೆ. ಮಲಗಿದ್ರೆ ಎದೆ ಹಿಡಕತದೆ. ಗ್ಯಾಸ್ಟ್ರಿಕ್ಕು.'

ಈ ಗ್ಯಾಸ್ಟ್ರಿಕ್ ಅನ್ನುವ ಮಾತು ನಮ್ಮ ರಾಜ್ಯದಲ್ಲಿ ಎಷ್ಟು ಕಾಯಿಲೆಗಳನ್ನು ಮುಚ್ಚಿಟ್ಟಿದೆಯೋ! ಹೊಟ್ಟೆ ಉಬ್ಬರ ಇರುತ್ತದೆ, ಸುಳ್ಳಲ್ಲ. ಲಿವರ್‌ನಲ್ಲಿ, ಕರುಳಿನಲ್ಲಿ ನೀರು ನಿಂತರೆ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಅದಕ್ಕೆ ಅಜ್ಜಿ ಏನು ಮಾಡುತ್ತಿದ್ದರು? ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ ಪುಡಿ ಬರುತ್ತಲ್ಲ, ಅದನ್ನು ದಿನಾ ರಾತ್ರಿ ಕುಡಿಯುತ್ತಿದ್ದರು. ಅದು ಸೋಡಾ. ಅಂದರೆ ಸೋಡಿಯಂ. ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂತ ನಾವು ಹೇಳಿ ಕಳಿಸಿದ್ದೆವು, ಸೊಸೆ ಪಾಪ ಸಪ್ಪೆ ಸಾರೇ ಮಾಡುತ್ತಿದ್ದಳು, ಆದರೆ ಈ ಪುಡಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಇನ್ನೂ ಇದೆ, ಕೇಳಿ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್. ಈ ನೋವಿನ ಮಾತ್ರೆಗಳು ಉಪ್ಪು, ನೀರು ಹಿಡಿದಿಡುತ್ತವೆ, ಲ್ಯಾಸಿಕ್ಸ್ ಕೆಲಸವನ್ನು ಕೆಡಿಸುತ್ತವೆ, ಕಿಡ್ನಿಗೂ ಹೊಡೆತ. ಇಷ್ಟೆಲ್ಲ ಹೊರಬಂದದ್ದು ಒಂದು ಸ್ಟೂಲ್ ಹಾಕಿಕೊಂಡು ಕೂತದ್ದರಿಂದ. ಹೃದಯದ ಸ್ಕ್ಯಾನ್ ಎಕೋದಲ್ಲಿ ಇದು ಕಾಣುವುದಿಲ್ಲ.

ಆಮೇಲೆ ತೂಕ. ಮನೆಯಲ್ಲಿ ಮೆಷಿನ್ ಇಲ್ಲ, ಕೊಳ್ಳಲು ದುಡ್ಡಿಲ್ಲ. ಆದರೆ ಪಕ್ಕದಲ್ಲೇ ಅಂಗನವಾಡಿ ಇತ್ತು, ಗರ್ಭಿಣಿಯರ ತೂಕ ನೋಡುವ ಮೆಷಿನ್ ಅಲ್ಲಿತ್ತು. ಅಂಗನವಾಡಿ ಟೀಚರ್ ಹತ್ತಿರ ಮಾತಾಡಿ ಒಪ್ಪಿಸಿದ್ದಾಯಿತು. ಎಲ್ಲಿ ಬರೆಯುವುದು? ಡೈರಿ ಗೀರಿ ಕೊಟ್ಟರೆ ಕಳೆದುಹೋಗುತ್ತದೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ ಅಂದೆವು. ಸೊಸೆ ಬರೆದಳು. ಗೌರಿ ಹಬ್ಬ ಮುಗಿದ ಮೇಲೆ ಮೂರೇ ದಿನದಲ್ಲಿ 49 ಇದ್ದದ್ದು 51 ದಾಟಿತು. ಸೊಸೆ ವಾರ್ಡಿಗೆ ಫೋನ್ ಮಾಡಿದಳು, ಸಿಸ್ಟರ್ ಡಾಕ್ಟರಿಗೆ ಹೇಳಿದರು, ನಾಲ್ಕು ದಿನ ಲ್ಯಾಸಿಕ್ಸ್ ಡೋಸ್ ಏರಿಸಿದರು, ತೂಕ ಇಳಿಯಿತು. ಅಡ್ಮಿಷನ್ ಇಲ್ಲ, ಬಾಡಿಗೆ ಕಾರಿಲ್ಲ, ಮಗನಿಗೆ ಕೂಲಿ ತಪ್ಪಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸುಮ್ನೆ ತೂಕ ಬರೆದರೆ ಸಾಲದು. ಅಮೆರಿಕದಲ್ಲಿ 1653 ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದ್ದರು, 2010ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿನವರು ದಿನಾ ಫೋನಿನಲ್ಲಿ ಯಂತ್ರಕ್ಕೆ ತೂಕ, ಲಕ್ಷಣ ಹೇಳಬೇಕಿತ್ತು. ಅವರಿಗೂ ಉಳಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ತೂಕ ದಂಡ ಅಂತ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಯಂತ್ರದ ಜೊತೆ ಮಾತಾಡಿ ಮಾತಾಡಿ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಬಿಟ್ಟರು. ತೂಕ ನೋಡಿ 'ಯಾಕಜ್ಜಿ, ಏನು ತಿಂದ್ರಿ' ಅಂತ ಕೇಳುವ ಮನುಷ್ಯರು ಬೇಕು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. 70 ದಾಟಿದ 282 ರೋಗಿಗಳು. ಅರ್ಧ ಜನರಿಗೆ ನರ್ಸ್ ಮುಂದಾಳತ್ವದಲ್ಲಿ ತಿಳುವಳಿಕೆ, ಊಟದ ಸಲಹೆ, ಮನೆ ಭೇಟಿ, ಫೋನ್. 90 ದಿನದಲ್ಲಿ ಹಾರ್ಟ್ ಫೇಲ್ಯೂರ್‌ಗಾಗಿ ಮತ್ತೆ ಅಡ್ಮಿಟ್ ಆಗುವುದು 56% ಕಡಿಮೆಯಾಯಿತು. ಈಗಿನ ಒಳ್ಳೆಯ ಮಾತ್ರೆಗಳಲ್ಲಿ ಅರ್ಧ ಆಗ ಬಂದೇ ಇರಲಿಲ್ಲ.

ನಮ್ಮ ಪಕ್ಕದ ಕೇರಳದ್ದೂ ಹೇಳುತ್ತೇನೆ. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ ಸೇರಿದ 1205 ರೋಗಿಗಳನ್ನು ದಾಖಲು ಮಾಡಿ ಹಿಂಬಾಲಿಸಿದರು. ಸರಾಸರಿ ವಯಸ್ಸು 61. ದುಡಿಯುವ ಕೈಗಳು, ಅಲ್ವಾ? ಆಸ್ಪತ್ರೆಯೊಳಗೆ ತೀರಿಕೊಂಡವರು 8.5%. ಮೂರು ವರ್ಷದ ಹೊತ್ತಿಗೆ ಹತ್ತಿರ ಹತ್ತಿರ 45%. ಅಂದರೆ ಹೆಚ್ಚಿನ ಸಾವು ನಾವು 'ಹುಷಾರಾಗಿ ಹೋಗಿಬನ್ನಿ' ಅಂದ ಮೇಲೆ ಆದದ್ದು. ಆದ್ದರಿಂದಲೇ ಡಿಸ್ಚಾರ್ಜ್ ದಿನದ ಅರ್ಧ ಗಂಟೆಯನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲು ಬಿಡಬೇಡಿ. ಒಬ್ಬ ಸಿಸ್ಟರ್‌ಗೆ ಮೂವತ್ತು ರೋಗಿ ಕೊಟ್ಟರೆ ಅರ್ಧ ಗಂಟೆ ಎಲ್ಲಿಂದ ಬರಬೇಕು ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಇದನ್ನು ವೇದಿಕೆ ಮೇಲೆ ಕೂತಿರುವ ದೊಡ್ಡವರೂ ಕೇಳಿಸಿಕೊಳ್ಳಲಿ ಅಂತಲೇ ಮೈಕಿನಲ್ಲಿ ಹೇಳುತ್ತಿದ್ದೇನೆ.

ವಾರ್ಡಿನಲ್ಲಿ ತೂಕ ನೋಡುವ ಕ್ರಮ: ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ಒಂದೇ ಮೆಷಿನ್, ಒಂದೇ ತರಹದ ಬಟ್ಟೆ, ಗಟ್ಟಿ ನೆಲ. ಸ್ವೆಟರ್, ಶಾಲು ತೆಗೆಸಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಡಾಕ್ಟರಿಗೆ ಹೇಳಿ, ಮನೆಗೆ ಹೋಗುವವರಿಗೂ ಇದನ್ನೇ ಬರೆದುಕೊಡಿ. ಎದ್ದು ನಿಲ್ಲಲಾಗದವರಿಗೆ ಬೆನ್ನಿನ ಕೆಳಭಾಗ ಒತ್ತಿ ನೋಡಿ. ಮಲಗಿದವರಲ್ಲಿ ನೀರು ಅಲ್ಲಿ ಸೇರುತ್ತದೆ, ಕಾಲು ತೆಳ್ಳಗೇ ಇರುತ್ತದೆ.

ಲ್ಯಾಸಿಕ್ಸ್ ಬಗ್ಗೆ. ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು, ಸುಮಾರು ಆರು ಗಂಟೆ ನಡೆಯುತ್ತದೆ. ರಾತ್ರಿ ಎಂಟಕ್ಕೆ ಕೊಟ್ಟರೆ ಅಜ್ಜ ಕತ್ತಲಲ್ಲಿ ಬಚ್ಚಲಿಗೆ ಹೋಗಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಎರಡನೇ ಡೋಸ್ ಮಧ್ಯಾಹ್ನ ನಾಲ್ಕರೊಳಗೆ ಮುಗಿಸಿ. ಹೆಂಗಸರು ಬಸ್ ಪ್ರಯಾಣ ಇದ್ದ ದಿನ ಈ ಮಾತ್ರೆ ಬಿಟ್ಟೇಬಿಡುತ್ತಾರೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಪಾಪ? ಬೈಯಬೇಡಿ. ಊರು ತಲುಪಿದ ಮೇಲೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ಸಮಯ ಹೊಂದಿಸಿಕೊಡಿ. ಇಂಜೆಕ್ಷನ್ ಕೊಟ್ಟ ಮೇಲೆ ಮೂತ್ರ ಸೇರುವ ಯೂರೋಬ್ಯಾಗ್ ನೋಡಿ. ಮೊದಲ ಆರು ಗಂಟೆ ಗಂಟೆಗೆ ನೂರು ಎಂಎಲ್ ಆದರೂ ಬರಬೇಕು. ಬರದಿದ್ದರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ಕೈಕಾಲು ತಣ್ಣಗಾಗಿ, ಮಂಪರು ಬಂದು, ಮೂತ್ರ ಕಡಿಮೆಯಾದರೆ ಅದು ತುರ್ತು, ಬಿಪಿ 100 ಇದೆಯಲ್ಲ ಅಂತ ಸುಮ್ಮನಿರಬೇಡಿ.

ಹತ್ತು ನಿಮಿಷ ಅಂತ ಚೀಟಿ ಬಂದಿದೆ. ಸರಿ, ಬೇಗ ಬೇಗ ಹೇಳುತ್ತೇನೆ.

ಹೃದಯ ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ, 60ಕ್ಕಿಂತ ಕಡಿಮೆ ಇದ್ದರೆ ತಡೆದು ಕೇಳಿ. ವಾಕರಿಕೆ, ಕಣ್ಣಿಗೆ ಹಳದಿ ಕಾಣುವುದು, ಇವನ್ನೂ ಕೇಳಿ. ಮೈಯಲ್ಲಿ ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಇರುವವರು ದಿನಾ ಎಳನೀರು ಕುಡಿಯುತ್ತಿದ್ದಾರಾ, 'ಲೋ ಸೋಡಿಯಂ' ಉಪ್ಪು ಬಳಸುತ್ತಿದ್ದಾರಾ ವಿಚಾರಿಸಿ, ಎರಡರಲ್ಲೂ ಪೊಟ್ಯಾಸಿಯಂ ಇದೆ. ಹೃದಯದ ಹೊರೆ ತಗ್ಗಿಸುವ ಹಳೆಯ ಮಾತ್ರೆ ಎನಾಲಪ್ರಿಲ್‌ನಿಂದ ಹೊಸ ಮಾತ್ರೆ ಸಕ್ಯುಬಿಟ್ರಿಲ್-ವಲ್ಸಾರ್ಟನ್‌ಗೆ ಬದಲಾಯಿಸುವಾಗ ಮಧ್ಯೆ 36 ಗಂಟೆ ಬಿಡಬೇಕು, ಎರಡೂ ಒಟ್ಟಿಗೆ ಟ್ರೇಯಲ್ಲಿ ಇರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಿಲ್ಲಿಸಿ. ಆದರೆ ಪೂರ್ತಿ ಸಪ್ಪೆ ಮಾಡಿ ವಯಸ್ಸಾದವರು ಊಟವನ್ನೇ ಬಿಡುವ ಹಾಗೆ ಮಾಡಬೇಡಿ. ಮೈ ಸೊರಗಿದರೆ ತೂಕದ ಲೆಕ್ಕವೂ ಮೋಸ ಮಾಡುತ್ತದೆ, ಮಾಂಸ ಇಳಿದು ನೀರು ಏರಿದರೆ ಮೆಷಿನ್‌ನಲ್ಲಿ ಅದೇ ಅಂಕಿ ಕಾಣುತ್ತದೆ.

ಕೊನೆಯ ಹಂತದ ರೋಗಿಗಳ ಬಗ್ಗೆ, ಮನೆಯವರ ಜೊತೆ ಹೇಗೆ ಮಾತಾಡಬೇಕು ಅನ್ನುವುದರ ಬಗ್ಗೆ ಒಂದು ಭಾಗ ಬರೆದುಕೊಂಡು ಬಂದಿದ್ದೆ. ಅದನ್ನು ಅವಸರದಲ್ಲಿ ಹೇಳಬಾರದು, ಮಧ್ಯಾಹ್ನದ ಗುಂಪು ಚರ್ಚೆಗೆ ಇಟ್ಟುಕೊಳ್ಳೋಣ. ಈಗ ಟೀ ಆದ ಮೇಲೆ ಪಕ್ಕದ ಕೋಣೆಗೆ ನಾಲ್ಕು ನಾಲ್ಕು ಜನ ಬನ್ನಿ. ಮಂಚ ಹಾಕಿಸಿದ್ದೇವೆ, ತಲೆಯ ಕಡೆ 45 ಡಿಗ್ರಿ ಎತ್ತಿಟ್ಟಿದ್ದೇವೆ. ಬಲಗಡೆಯ ಕುತ್ತಿಗೆಯಲ್ಲಿ ಜೆವಿಪಿ, ಅಂದರೆ ಅಲ್ಲಿನ ರಕ್ತನಾಳದ ಒತ್ತಡ ತೋರಿಸುವ ಮಿಡಿತ ಹುಡುಕುವುದು, ಎದೆಮೂಳೆಯ ಉಬ್ಬಿನಿಂದ ಮೂರು ಸೆಂಟಿಮೀಟರ್ ಮೇಲಿದೆಯಾ ಅಂತ ಸ್ಕೇಲ್ ಇಟ್ಟು ಅಳೆಯುವುದು, ಇದನ್ನು ಪ್ರತಿಯೊಬ್ಬರೂ ಮಾಡಿಯೇ ಹೋಗಬೇಕು. ಫೈನಲ್ ಇಯರ್ ಮಕ್ಕಳು ಮೊದಲು ಬನ್ನಿ, ಟಾರ್ಚ್ ನನ್ನ ಹತ್ತಿರ ಇದೆ.